ಕಿಡ್ನಿ ಕಲ್ಲಿನ ಮೂರು ಚಿಕಿತ್ಸೆಗಳು: ಯಾವ ಕಲ್ಲಿಗೆ ಯಾವುದು ಸಲ್ಲುತ್ತದೆ

ಮೂತ್ರಪಿಂಡದ ಕಲ್ಲಿಗಾಗಿ ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ ಈಗ ತೀರಾ ಅಪರೂಪವಾಗಿದೆ. ಅದರ ಜಾಗಕ್ಕೆ ಬಂದಿರುವ ವಿಧಾನಗಳು ಮುಖ್ಯವಾಗಿ ಮೂರು: ದೇಹದ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಒಡೆಯುವ ಲಿಥೊಟ್ರಿಪ್ಸಿ, ಮೂತ್ರದ ಸಹಜ ದಾರಿಯಲ್ಲೇ ತೆಳುವಾದ ಎಂಡೋಸ್ಕೋಪ್ ಏರಿಸಿ ಲೇಸರ್‌ನಿಂದ ಪುಡಿ ಮಾಡುವ ಆರ್‌ಐಆರ್‌ಎಸ್, ಮತ್ತು ಬೆನ್ನಿನ ಬದಿಯಲ್ಲಿ ಸಣ್ಣ ರಂಧ್ರ ಮಾಡಿ ನೇರವಾಗಿ ಕಿಡ್ನಿಯೊಳಕ್ಕೆ ಹೋಗುವ ಪಿಸಿಎನ್‌ಎಲ್. ಇವುಗಳನ್ನು ಹೋಲಿಸುವಾಗ ಹೆಚ್ಚಿನವರು ಮೊದಲು ಕೇಳುವುದು ಗಾಯ ಎಷ್ಟು ದೊಡ್ಡದು ಎಂದು. ಸಹಜವಾದ ಪ್ರಶ್ನೆಯೇ ಹೌದು, ಆದರೆ ಅದೊಂದನ್ನೇ ಹಿಡಿದುಕೊಂಡು ಚಿಕಿತ್ಸೆ ಆರಿಸಿಕೊಂಡವರು ಎರಡನೇ ಸಲ, ಮೂರನೇ ಸಲ ಆಸ್ಪತ್ರೆಗೆ ಹೋಗಬೇಕಾಗಿ ಬರುವುದು ಅಪರೂಪವೇನಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ನಾನು ಬೇರೊಂದು ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ: ಕಿಡ್ನಿ ಪೂರ್ತಿ ಖಾಲಿಯಾಗುವಷ್ಟರಲ್ಲಿ ರೋಗಿ ಎಷ್ಟು ಸಲ ಚಿಕಿತ್ಸೆಗೆ ಒಳಗಾಗಬೇಕು, ಆ ನಡುವಿನ ದಿನಗಳನ್ನು ಹೇಗೆ ಕಳೆಯಬೇಕು, ಏನಾದರೂ ತೊಂದರೆಯಾದರೆ ಅದು ಎಷ್ಟು ಗಂಭೀರವಾಗಿರುತ್ತದೆ ಎಂಬುದು.

ಎಲ್ಲ ಕಲ್ಲುಗಳಿಗೂ ಈ ಮೂರರಲ್ಲಿ ಒಂದು ಬೇಕೇಬೇಕು ಎಂದಿಲ್ಲ. ಮೂತ್ರನಾಳಕ್ಕೆ ಇಳಿದ ಕಲ್ಲು 5 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಸುಮಾರು 68 ಶೇಕಡಾ ಸಂದರ್ಭಗಳಲ್ಲಿ ತಾನಾಗಿಯೇ ಹೊರಬೀಳುತ್ತದೆ. 5ರಿಂದ 10 ಮಿ.ಮೀ. ನಡುವೆ ಇದ್ದರೆ ಈ ಪ್ರಮಾಣ ಸುಮಾರು 47 ಶೇಕಡಾ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅಮೆರಿಕ ಮತ್ತು ಯುರೋಪಿನ ಮೂತ್ರರೋಗ ತಜ್ಞರ ಸಂಘಗಳು 2007ರಲ್ಲಿ ಲೆಕ್ಕ ಹಾಕಿದ್ದವು. ನೋವು ಹಿಡಿತದಲ್ಲಿದ್ದು, ಜ್ವರವಿಲ್ಲದೆ, ಕಿಡ್ನಿಯ ಕೆಲಸ ಸರಿಯಾಗಿದ್ದರೆ ಕೆಲವು ವಾರ ಕಾಯುವುದರಲ್ಲಿ ತಪ್ಪಿಲ್ಲ. ಅದಕ್ಕೆ ವ್ಯತಿರಿಕ್ತವಾದ ಒಂದು ಸ್ಥಿತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಕಲ್ಲು ದಾರಿಗೆ ಅಡ್ಡಲಾಗಿ ಕುಳಿತಿರುವಾಗ ಚಳಿಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ಆಗ ಕಲ್ಲು ತೆಗೆಯುವ ಮಾತೇ ಇಲ್ಲ. ಮೂತ್ರನಾಳದೊಳಗೆ ಸ್ಟೆಂಟ್ ಎಂಬ ತೆಳು ಕೊಳವೆ ಹಾಕಿ ಅಥವಾ ಬೆನ್ನಿನಿಂದ ಟ್ಯೂಬ್ ಇಳಿಸಿ ಕಟ್ಟಿಕೊಂಡಿರುವ ಸೋಂಕಿನ ಮೂತ್ರವನ್ನು ಮೊದಲು ಹರಿಯಗೊಡಬೇಕು. ಸೋಂಕು ಇಳಿದ ಮೇಲಷ್ಟೇ ಕಲ್ಲಿನ ವಿಚಾರ.

ಚಿಕಿತ್ಸೆಯ ಆಯ್ಕೆ ನಿಂತಿರುವುದು ಸಿ.ಟಿ. ಸ್ಕ್ಯಾನ್ ಹೇಳುವ ನಾಲ್ಕು ಸಂಗತಿಗಳ ಮೇಲೆ: ಕಲ್ಲಿನ ಗಾತ್ರ, ಅದು ಕುಳಿತ ಜಾಗ, ಅದರ ಗಡಸುತನ, ಚರ್ಮದಿಂದ ಅದಕ್ಕಿರುವ ದೂರ. ಗಾತ್ರದ ವಿಷಯದಲ್ಲಿ ರೋಗಿಗಳಿಗೆ ಸುಲಭವಾಗಿ ಮೋಸವಾಗುತ್ತದೆ. 20 ಮಿ.ಮೀ. ಕಲ್ಲು 10 ಮಿ.ಮೀ. ಕಲ್ಲಿಗಿಂತ ಎರಡು ಪಟ್ಟು ದೊಡ್ಡದು ಎಂದು ವರದಿ ಓದಿದವರಿಗೆ ಅನ್ನಿಸುತ್ತದೆ, ಆದರೆ ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿಯಾದಾಗ ಒಡೆದು ಹೊರಹಾಕಬೇಕಾದ ವಸ್ತು ಎಂಟು ಪಟ್ಟಾಗಿರುತ್ತದೆ. 10 ಮಿ.ಮೀ.ಗೆ ಚೆನ್ನಾಗಿ ಒಗ್ಗುವ ವಿಧಾನ 20 ಮಿ.ಮೀ.ಗೆ ಏಕೆ ಸೋಲುತ್ತದೆ ಎಂಬುದಕ್ಕೆ ಇದೇ ಮುಖ್ಯ ಕಾರಣ. ಗಡಸುತನವನ್ನು ಸಿ.ಟಿ. ಹೌನ್ಸ್‌ಫೀಲ್ಡ್ ಅಂಕಿಯಲ್ಲಿ ಸೂಚಿಸುತ್ತದೆ. 1000 ದಾಟಿದ ಕಲ್ಲು ಆಘಾತ ತರಂಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸಿಸ್ಟೀನ್, ಬ್ರಷೈಟ್, ಕ್ಯಾಲ್ಸಿಯಂ ಆಕ್ಸಲೇಟ್ ಮಾನೊಹೈಡ್ರೇಟ್ ಕಲ್ಲುಗಳು ಈ ವಿಷಯದಲ್ಲಿ ಹಟಮಾರಿಗಳು.

ಆಘಾತ ತರಂಗ ಚಿಕಿತ್ಸೆಯ ಹುಟ್ಟೇ ಕುತೂಹಲಕರವಾದದ್ದು. ವಿಮಾನ ತಯಾರಿಸುತ್ತಿದ್ದ ಜರ್ಮನಿಯ ಡಾರ್ನಿಯರ್ ಸಂಸ್ಥೆ, ಅತಿವೇಗದ ವಿಮಾನಗಳಿಗೆ ಮಳೆಹನಿ ಬಡಿದಾಗ ಲೋಹಕ್ಕೆ ಆಗುವ ಹಾನಿಯನ್ನು ಅಭ್ಯಾಸ ಮಾಡುತ್ತಿತ್ತು. ಆ ತಿಳಿವಳಿಕೆ ವೈದ್ಯರ ಕೈಗೆ ಬಂದು, 1980ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಕ್ರಿಶ್ಚಿಯನ್ ಶಾಸಿ ಮತ್ತು ಅವರ ತಂಡ ಮೊದಲ ರೋಗಿಗೆ ಈ ಚಿಕಿತ್ಸೆ ನೀಡಿತು. ಆಗ ರೋಗಿಯನ್ನು ನೀರು ತುಂಬಿದ ತೊಟ್ಟಿಯಲ್ಲಿ ಇಳಿಬಿಡುತ್ತಿದ್ದರು. ಈಗಿನ ಯಂತ್ರಗಳಲ್ಲಿ ತೊಟ್ಟಿಯಿಲ್ಲ, ಜೆಲ್ ಸವರಿದ ಮೆತ್ತೆಯೊಂದು ಬೆನ್ನಿಗೆ ಒತ್ತಿಕೊಂಡಿರುತ್ತದೆ. ಒಂದು ಸರದಿಯಲ್ಲಿ ಸಾಮಾನ್ಯವಾಗಿ 2000ದಿಂದ 3000 ಹೊಡೆತಗಳು ಬೀಳುತ್ತವೆ. ಪೂರ್ಣ ಅರಿವಳಿಕೆ ಹೆಚ್ಚಿನವರಿಗೆ ಬೇಕಾಗುವುದಿಲ್ಲ, ನೋವು ನಿವಾರಕವೇ ಸಾಕು. ಅದೇ ದಿನ ಮನೆಗೆ ಹೋಗಬಹುದು, ದೇಹದೊಳಕ್ಕೆ ಯಾವ ಉಪಕರಣವೂ ಹೋಗಿರುವುದಿಲ್ಲ.

ಈ ಅನುಕೂಲಗಳೆಲ್ಲ ನಿಜ, ಆದರೆ ಅವುಗಳ ಬೆಲೆಯನ್ನು ನಂತರದ ವಾರಗಳಲ್ಲಿ ತೆರಬೇಕಾಗುತ್ತದೆ. ಯಂತ್ರ ಕಲ್ಲನ್ನು ಒಡೆಯುತ್ತದೆಯೇ ಹೊರತು ಹೊರಗೆ ತೆಗೆಯುವುದಿಲ್ಲ. ಚೂರುಗಳನ್ನು ಮೂತ್ರವೇ ಹೊತ್ತು ತರಬೇಕು, ಆ ದಾರಿಯಲ್ಲಿ ಮತ್ತೆ ಹೊಟ್ಟೆ ಹಿಂಡುವ ನೋವು ಬರಬಹುದು, ಕೆಲವೊಮ್ಮೆ ಚೂರುಗಳು ಮೂತ್ರನಾಳದಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ ದಾರಿಯನ್ನೇ ಮುಚ್ಚಿಬಿಡುತ್ತವೆ. ಅಂಥವರಿಗೆ ಕೊನೆಗೆ ಎಂಡೋಸ್ಕೋಪ್ ಚಿಕಿತ್ಸೆಯೇ ಗತಿ. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ನಿಲ್ಲಿಸಲಾಗದವರಿಗೆ, ಚಿಕಿತ್ಸೆಯಾಗದ ಮೂತ್ರದ ಸೋಂಕು ಇರುವವರಿಗೆ ಇದನ್ನು ಮಾಡುವಂತಿಲ್ಲ. ಚರ್ಮದಿಂದ ಕಲ್ಲಿಗೆ 10 ಸೆಂ.ಮೀ.ಗಿಂತ ಹೆಚ್ಚು ದೂರವಿದ್ದರೆ ಕಲ್ಲು ಒಡೆಯುವ ಸಾಧ್ಯತೆ ಕುಗ್ಗುತ್ತದೆ.

ಯಂತ್ರ ನಡೆಸುವವರ ಶ್ರದ್ಧೆ ಈ ಚಿಕಿತ್ಸೆಯಲ್ಲಿ ಎಷ್ಟು ಮುಖ್ಯ ಎಂಬುದನ್ನು ರೋಗಿಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಇದು ನನಗೆ ಬಹಳ ಬೇಸರದ ಸಂಗತಿ. ನಿಮಿಷಕ್ಕೆ 120 ಹೊಡೆತ ಕೊಟ್ಟರೆ ಸರದಿ ಬೇಗ ಮುಗಿಯುತ್ತದೆ. 60ರಿಂದ 90ಕ್ಕೆ ಇಳಿಸಿದರೆ ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಕಲ್ಲು ಹೆಚ್ಚು ಚೆನ್ನಾಗಿ ಒಡೆಯುತ್ತದೆ. ಒಂದು ಹೊಡೆತ ಎಬ್ಬಿಸಿದ ಸಣ್ಣ ಗುಳ್ಳೆಗಳು ಕರಗುವ ಮೊದಲೇ ಇನ್ನೊಂದು ಬಂದರೆ ಆ ಗುಳ್ಳೆಗಳೇ ಶಕ್ತಿಯನ್ನು ತಡೆದು ನುಂಗುತ್ತವೆ. ಮೆತ್ತೆಗೂ ಚರ್ಮಕ್ಕೂ ನಡುವಿನ ಜೆಲ್‌ನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೂ ಇದೇ ಕಥೆ. ಹಾಗೆಯೇ ಮೊದಲು ಕಡಿಮೆ ಶಕ್ತಿಯಿಂದ ಆರಂಭಿಸಿ ಮೆಲ್ಲಗೆ ಏರಿಸಿದರೆ ಕಿಡ್ನಿಯ ರಕ್ತನಾಳಗಳು ಸಂಕುಚಿತಗೊಂಡು ಗಾಯ ಕಡಿಮೆಯಾಗುತ್ತದೆ. ಒಂದೇ ಯಂತ್ರ, ಒಂದೇ ಕಲ್ಲು, ಆದರೂ ಅವಸರದ ಕೈಯಲ್ಲಿ ಒಂದು ಫಲ, ತಾಳ್ಮೆಯ ಕೈಯಲ್ಲಿ ಇನ್ನೊಂದು. ನಿಮಿಷಕ್ಕೆ ಎಷ್ಟು ಹೊಡೆತ ಕೊಡುತ್ತೀರಿ ಎಂದು ರೋಗಿ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಆರ್‌ಐಆರ್‌ಎಸ್ ಈ ಹೊತ್ತಿನಲ್ಲಿ ಎಲ್ಲರ ಬಾಯಲ್ಲಿರುವ ಹೆಸರು. 1964ರಲ್ಲಿಯೇ ವಿಕ್ಟರ್ ಮಾರ್ಷಲ್ ಬಾಗುವ ಎಂಡೋಸ್ಕೋಪ್‌ನಿಂದ ಮೂತ್ರನಾಳದ ಕಲ್ಲನ್ನು ನೋಡಿದ್ದನ್ನು ದಾಖಲಿಸಿದ್ದರೂ, ಇದು ನಿಜವಾದ ಚಿಕಿತ್ಸೆಯಾದದ್ದು 1990ರ ದಶಕದಲ್ಲಿ ಹೋಲ್ಮಿಯಂ ಲೇಸರ್ ಬಂದ ಮೇಲೆ. ಸುಮಾರು 3 ಮಿ.ಮೀ. ದಪ್ಪದ ಎಂಡೋಸ್ಕೋಪ್ ಮೂತ್ರದ್ವಾರದಿಂದ ಮೂತ್ರಕೋಶಕ್ಕೆ, ಅಲ್ಲಿಂದ ಮೂತ್ರನಾಳದ ಮೂಲಕ ಕಿಡ್ನಿಗೆ ಏರುತ್ತದೆ, ಅದರ ತುದಿ ಸುಮಾರು 270 ಡಿಗ್ರಿ ಮಡಚಿಕೊಂಡು ಕಿಡ್ನಿಯ ಒಳಕೋಣೆಗಳನ್ನು ಒಂದೊಂದಾಗಿ ನೋಡಬಲ್ಲದು. ಅದರೊಳಗಿನಿಂದ ಹಾದುಹೋಗುವ ಲೇಸರ್ ಎಳೆಯ ದಪ್ಪ ಸುಮಾರು 200 ಮೈಕ್ರಾನ್, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗ. ಪರದೆಯ ಮೇಲೆ ನೋಡಿದರೆ ಎಳೆಯ ತುದಿ ಕಲ್ಲಿನ ಮೇಲ್ಮೈಯನ್ನು ಅಂಚಿನಿಂದ ಸವರುತ್ತಾ ಹೋಗುತ್ತದೆ, ಕಲ್ಲು ಗಿರಣಿಯ ಹಿಟ್ಟಿನಂತೆ ಉದುರುತ್ತದೆ, ಧೂಳು ಎದ್ದು ಕೆಲವು ಕ್ಷಣ ಏನೂ ಕಾಣದಂತಾಗುತ್ತದೆ, ನೀರು ಹರಿದು ತಿಳಿಯಾಗುವವರೆಗೆ ವೈದ್ಯರು ಕಾಲನ್ನು ಪೆಡಲ್‌ನಿಂದ ಎತ್ತಿ ಕಾಯಬೇಕು. ಹೀಗೆ ಪುಡಿ ಮಾಡಿ ಬಿಡುವುದು ಒಂದು ಕ್ರಮ. ತುಂಡುಗಳಾಗಿ ಒಡೆದು ತಂತಿಯ ಬುಟ್ಟಿಯಲ್ಲಿ ಹಿಡಿದು ಒಂದೊಂದಾಗಿ ಹೊರಗೆಳೆಯುವುದು ಇನ್ನೊಂದು. 2.1 ಮೈಕ್ರಾನ್ ತರಂಗಾಂತರದ ಹೋಲ್ಮಿಯಂ ಜೊತೆಗೆ ಈಗ 1.94 ಮೈಕ್ರಾನ್‌ನ ಥೂಲಿಯಂ ಫೈಬರ್ ಲೇಸರ್ ಬಂದಿದೆ. ಅದರ ಶಕ್ತಿಯನ್ನು ನೀರು ಸುಮಾರು ನಾಲ್ಕು ಪಟ್ಟು ಹೆಚ್ಚು ಹೀರಿಕೊಳ್ಳುವುದರಿಂದ ಇನ್ನೂ ನುಣ್ಣನೆಯ ಪುಡಿಯಾಗುತ್ತದೆ. ಆದರೆ ಲೇಸರ್‌ನ ಹೆಸರು ನೋಡಿ ಆಸ್ಪತ್ರೆ ಆರಿಸುವುದಕ್ಕಿಂತ, ಅದನ್ನು ಹಿಡಿಯುವವರು ಈ ಕೆಲಸವನ್ನು ನಿತ್ಯ ಮಾಡುತ್ತಾರೆಯೇ ಎಂದು ವಿಚಾರಿಸುವುದು ಮೇಲು.

ಆರ್‌ಐಆರ್‌ಎಸ್‌ನ ದೊಡ್ಡ ಗುಣವೆಂದರೆ ಗಡಸು ಕಲ್ಲೂ ಅದಕ್ಕೆ ಒಂದೇ, ರಕ್ತ ತೆಳುವಾಗಿಸುವ ಔಷಧಿ ನಿಲ್ಲಿಸಲಾಗದವರಿಗೂ ಅದನ್ನು ಮಾಡಬಹುದು. ಆದರೆ ಇದಕ್ಕೆ ಗಾಯವೇ ಇಲ್ಲದ ಚಿಕಿತ್ಸೆ ಎಂಬ ಪ್ರಚಾರ ಸಿಕ್ಕಿರುವುದರಿಂದ, ಅದರ ಜೊತೆಗೆ ಬರುವ ಎರಡು ಸಂಗತಿಗಳು ಮರೆಯಾಗಿಬಿಟ್ಟಿವೆ.

ಮೊದಲನೆಯದು ಡಿಜೆ ಸ್ಟೆಂಟ್. ಚಿಕಿತ್ಸೆ ಮುಗಿದ ಮೇಲೆ ಮೂತ್ರನಾಳ ಊದಿಕೊಂಡು ಮುಚ್ಚಿಹೋಗದಂತೆ, ಎರಡೂ ತುದಿ ಸುರುಳಿಯಾದ ತೆಳು ಕೊಳವೆಯೊಂದನ್ನು ಕಿಡ್ನಿಯಿಂದ ಮೂತ್ರಕೋಶದವರೆಗೆ ಇಟ್ಟಿರುತ್ತಾರೆ. ಬಹಳಷ್ಟು ರೋಗಿಗಳು ಶಸ್ತ್ರಚಿಕಿತ್ಸೆಯನ್ನು ಮರೆತರೂ ಈ ಸ್ಟೆಂಟ್‌ನ ದಿನಗಳನ್ನು ಮರೆಯುವುದಿಲ್ಲ. ಕೆಳಗಿನ ಸುರುಳಿ ಮೂತ್ರಕೋಶದ ಗೋಡೆಗೆ ತಾಗುತ್ತಲೇ ಇರುವುದರಿಂದ ಈಗ ತಾನೇ ಹೋಗಿ ಬಂದರೂ ಮತ್ತೆ ಅವಸರವಾಗುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ, ನಡೆದಾಡಿದ ದಿನ ಮೂತ್ರ ಕೆಂಪಾಗುತ್ತದೆ. ಮೂತ್ರ ಮಾಡುವಾಗ ಕೊಳವೆಯ ಮೂಲಕ ಒತ್ತಡ ಹಿಮ್ಮುಖವಾಗಿ ಕಿಡ್ನಿಗೆ ಏರಿ ಬೆನ್ನಿನ ಪಕ್ಕದಲ್ಲಿ ಚುಚ್ಚಿದಂತಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಏನೋ ಕೆಟ್ಟುಹೋಗಿದೆ ಎಂದು ರೋಗಿ ಗಾಬರಿಯಾಗುತ್ತಾನೆ. ಟ್ಯಾಮ್ಸುಲೋಸಿನ್‌ನಂಥ ಔಷಧಿಯಿಂದ ಈ ಕಾಟ ಸ್ವಲ್ಪ ಇಳಿಯುತ್ತದೆ. ಸ್ಟೆಂಟ್ ತೆಗೆಸುವುದಕ್ಕೆ ಮತ್ತೊಂದು ಭೇಟಿ ಬೇಕು, ಆ ಭೇಟಿಯನ್ನು ಮರೆಯುವುದು ಅತ್ಯಂತ ಅಪಾಯಕರ. ತಿಂಗಳುಗಟ್ಟಲೆ ಒಳಗೇ ಉಳಿದ ಸ್ಟೆಂಟ್‌ನ ಮೇಲೆ ಹೊಸ ಕಲ್ಲು ಕಟ್ಟಿಕೊಂಡು, ಅದನ್ನು ಬಿಡಿಸುವುದೇ ಮೊದಲ ಕಲ್ಲಿಗಿಂತ ದೊಡ್ಡ ಶಸ್ತ್ರಚಿಕಿತ್ಸೆಯಾಗಿಬಿಡಬಹುದು. ತೆಗೆಯುವ ದಿನಾಂಕವನ್ನು ಬರೆದುಕೊಡದೆ ರೋಗಿಯನ್ನು ಮನೆಗೆ ಕಳುಹಿಸುವ ಆಸ್ಪತ್ರೆಗೆ ನಾನು ಒಳ್ಳೆಯ ಅಂಕ ಕೊಡಲಾರೆ.

ಎರಡನೆಯದು, ಒಂದೇ ಸಲಕ್ಕೆ ಮುಗಿಯುತ್ತದೆ ಎಂಬ ಭರವಸೆ. ಕೆಲವರ ಮೂತ್ರನಾಳ ಮೊದಲ ಪ್ರಯತ್ನದಲ್ಲಿ ಉಪಕರಣಕ್ಕೆ ದಾರಿ ಕೊಡುವಷ್ಟು ಅಗಲವಾಗಿರುವುದಿಲ್ಲ. ಅಂಥ ಸಂದರ್ಭದಲ್ಲಿ ಬಲವಂತ ಮಾಡದೆ ಸ್ಟೆಂಟ್ ಇಟ್ಟು, ಒಂದೆರಡು ವಾರ ಬಿಟ್ಟು ಮತ್ತೆ ಬರಹೇಳುವುದೇ ಸರಿಯಾದ ವೈದ್ಯಕೀಯ. ಕಲ್ಲು ದೊಡ್ಡದಿದ್ದರೂ ಎರಡು ಹಂತ ಬೇಕಾಗುತ್ತದೆ, ಏಕೆಂದರೆ ಶಸ್ತ್ರಚಿಕಿತ್ಸೆ ಬಹಳ ಹೊತ್ತು ಲಂಬಿಸಿದಷ್ಟೂ, ಒಳಗೆ ಹರಿಸುವ ನೀರಿನ ಒತ್ತಡ ಏರಿದಷ್ಟೂ, ಕಲ್ಲಿನೊಳಗಿನ ರೋಗಾಣುಗಳು ರಕ್ತಕ್ಕೆ ನುಗ್ಗುವ ಅಪಾಯ ಹೆಚ್ಚುತ್ತದೆ. ಮುಂಚಿತವಾಗಿ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸದೆ ಈ ಚಿಕಿತ್ಸೆಗೆ ಕೈಹಾಕಬಾರದು. ಇತ್ತೀಚೆಗೆ ಧೂಳನ್ನು ಆಗಿಂದಾಗಲೇ ಹೀರಿ ತೆಗೆಯುವ, ಎಂಡೋಸ್ಕೋಪ್ ಹಾದುಹೋಗುವ ಕೊಳವೆಯಂಥ ಹೊರಕವಚಗಳು ಬಳಕೆಗೆ ಬಂದಿವೆ. ಒತ್ತಡವನ್ನು ಇಳಿಸಿ ಚೂರುಗಳನ್ನೂ ಹೊರತರುವ ಈ ಸುಧಾರಣೆ ಹೊಸ ಲೇಸರ್‌ಗಳಿಗಿಂತಲೂ ಮಹತ್ವದ್ದು ಎಂಬುದು ನನ್ನ ಅನಿಸಿಕೆ.

ಪಿಸಿಎನ್‌ಎಲ್ ಹೆಸರು ಕೇಳಿದರೆ ಜನ ಹಿಂಜರಿಯುತ್ತಾರೆ, ಬೆನ್ನಿಗೆ ರಂಧ್ರ ಎಂಬ ಮಾತೇ ಅದಕ್ಕೆ ಕಾರಣ. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಜೊಹಾನ್ಸನ್ ಈ ದಾರಿಯಿಂದ ಕಲ್ಲು ತೆಗೆದದ್ದನ್ನು ಮೊದಲು ವರದಿ ಮಾಡಿದರು. ಎಕ್ಸ್-ರೇ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯನ್ನು ಕಿಡ್ನಿಯ ಒಂದು ಕೋಣೆಗೆ ಇಳಿಸಿ, ತಂತಿ ಹಾಯಿಸಿ, ಆ ದಾರಿಯನ್ನು ಹಂತಹಂತವಾಗಿ ಅಗಲಿಸಿ, ಕೊಳವೆ ಕೂರಿಸಿ, ಅದರ ಮೂಲಕ ಕಲ್ಲನ್ನು ಒಡೆದು ಹೊರತೆಗೆಯುತ್ತಾರೆ. ಹಳೆಯ ಕ್ರಮದ ದೊಡ್ಡ ಕೊಳವೆ 30 ಫ್ರೆಂಚ್, ಅಂದರೆ 10 ಮಿ.ಮೀ. ಅಗಲ, ಮಿನಿ ಪಿಸಿಎನ್‌ಎಲ್‌ನಲ್ಲಿ ಇದು ಸುಮಾರು 5ರಿಂದ 7 ಮಿ.ಮೀ.ಗೆ ಇಳಿದಿದೆ. ಪೂರ್ಣ ಅರಿವಳಿಕೆ ಬೇಕು, ಒಂದೆರಡು ದಿನವಾದರೂ ಆಸ್ಪತ್ರೆಯಲ್ಲಿರಬೇಕು. ನಿಜವಾದ ಭಯ ರಕ್ತಸ್ರಾವದ್ದು. ಕೆಲವರಿಗೆ ರಕ್ತ ಕೊಡಬೇಕಾಗುತ್ತದೆ, ಅಪರೂಪಕ್ಕೆ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚಬೇಕಾಗಬಹುದು. ಮನೆಗೆ ಹೋಗಿ ವಾರ, ಎರಡು ವಾರ ಕಳೆದ ಮೇಲೆ ಮೂತ್ರ ಇದ್ದಕ್ಕಿದ್ದಂತೆ ಗಾಢ ಕೆಂಪಾದರೆ, ಹೆಪ್ಪುಗಳು ಬಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಿಡ್ನಿಯ ಮೇಲ್ಭಾಗದಿಂದ ಪ್ರವೇಶಿಸಿದಾಗ ಶ್ವಾಸಕೋಶದ ಹೊದಿಕೆಗೆ ಪೆಟ್ಟಾಗುವ ಸಾಧ್ಯತೆಯೂ ಇದೆ.

ಇಷ್ಟಿದ್ದೂ 20 ಮಿ.ಮೀ. ದಾಟಿದ ಕಲ್ಲಿಗೆ, ಕಿಡ್ನಿಯ ಕೋಣೆಗಳಿಗೆಲ್ಲ ಕವಲೊಡೆದು ಹಬ್ಬಿದ ಕಲ್ಲಿಗೆ ಮೊದಲ ಆಯ್ಕೆ ಪಿಸಿಎನ್‌ಎಲ್ ಎಂದು ಯುರೋಪಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ, ನಾನೂ ಅದನ್ನೇ ಒಪ್ಪುತ್ತೇನೆ. ರಂಧ್ರಕ್ಕೆ ಹೆದರಿ ಇಂಥ ಕಲ್ಲಿಗೆ ಆರ್‌ಐಆರ್‌ಎಸ್ ಮಾಡಿಸಿಕೊಂಡವರು ಎರಡು ಮೂರು ಸಲ ಅರಿವಳಿಕೆ, ಅಷ್ಟೂ ಕಾಲ ಸ್ಟೆಂಟ್, ಕೊನೆಗೂ ಉಳಿದ ಚೂರು ಇವನ್ನೆಲ್ಲ ಕೂಡಿಸಿ ನೋಡಿದರೆ ಒಂದೇ ಸಲದ ಪಿಸಿಎನ್‌ಎಲ್ ಹಗುರವೇ ಸರಿ.

ಮೂರು ವಿಧಾನಗಳ ನಡುವೆ ನಿಜವಾದ ಪೈಪೋಟಿ ಇರುವುದು ಕಿಡ್ನಿಯ ಕೆಳಕೋಣೆಯ ಕಲ್ಲಿನಲ್ಲಿ. ಅಲ್ಲಿ ಒಡೆದ ಚೂರು ಮೇಲಕ್ಕೆ ಏರಿ ಆಮೇಲೆ ಕೆಳಗಿಳಿಯಬೇಕು, ಗುರುತ್ವ ಅದಕ್ಕೆ ಅಡ್ಡಿ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 30 ಮಿ.ಮೀ.ವರೆಗಿನ ಕೆಳಕೋಣೆಯ ಕಲ್ಲುಗಳಿಗೆ ಪಿಸಿಎನ್‌ಎಲ್ ಮಾಡಿಸಿಕೊಂಡವರಲ್ಲಿ 95 ಶೇಕಡಾ ಮಂದಿ ಮೂರು ತಿಂಗಳಲ್ಲಿ ಕಲ್ಲುಮುಕ್ತರಾಗಿದ್ದರು, ಆಘಾತ ತರಂಗ ಪಡೆದವರಲ್ಲಿ 37 ಶೇಕಡಾ ಮಾತ್ರ. ಈ ಅಂತರ ನೋಡಿದವರು ಆಘಾತ ತರಂಗವನ್ನು ಅಲ್ಲಿಗೇ ತಳ್ಳಿಹಾಕುವುದುಂಟು. ಆದರೆ 2005ರ ಇನ್ನೊಂದು ಅಧ್ಯಯನ 10 ಮಿ.ಮೀ. ಮತ್ತು ಅದಕ್ಕಿಂತ ಚಿಕ್ಕ ಕಲ್ಲುಗಳಲ್ಲಿ ಆಘಾತ ತರಂಗವನ್ನು ಎಂಡೋಸ್ಕೋಪ್ ಚಿಕಿತ್ಸೆಯೊಂದಿಗೆ ಹೋಲಿಸಿದಾಗ ಕಲ್ಲುಮುಕ್ತರಾದವರು ಕ್ರಮವಾಗಿ 35 ಮತ್ತು 50 ಶೇಕಡಾ. ಸಂಖ್ಯಾಶಾಸ್ತ್ರದ ಪ್ರಕಾರ ಅದು ಖಚಿತವಾದ ವ್ಯತ್ಯಾಸವಾಗಿರಲಿಲ್ಲ. ಮತ್ತೆ ಅಗತ್ಯಬಿದ್ದರೆ ಇದೇ ಚಿಕಿತ್ಸೆಯನ್ನು ಆರಿಸಿಕೊಳ್ಳುತ್ತೇವೆ ಎಂದವರು ಮಾತ್ರ ಆಘಾತ ತರಂಗದ ಗುಂಪಿನಲ್ಲಿ 90 ಶೇಕಡಾ, ಎಂಡೋಸ್ಕೋಪ್ ಗುಂಪಿನಲ್ಲಿ 63 ಶೇಕಡಾ. ಅಂದಿನ ಎಂಡೋಸ್ಕೋಪ್‌ಗಳಿಗಿಂತ ಇಂದಿನವು ಬಹಳ ಮುಂದಿವೆ ಎಂಬುದನ್ನು ಒಪ್ಪಿಕೊಂಡರೂ, ರೋಗಿಗಳ ಈ ಮಾತನ್ನು ಹಗುರವಾಗಿ ಕಾಣಬಾರದು.

ಮೂತ್ರನಾಳದ ಕಲ್ಲಿನ ಬಗ್ಗೆ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೂ ಇದೇ ದಿಕ್ಕಿನಲ್ಲಿದೆ. ಆಘಾತ ತರಂಗದಿಂದ ಆರಂಭಿಸಿದವರಲ್ಲಿ 22.1 ಶೇಕಡಾ ಮಂದಿಗೆ ಆರು ತಿಂಗಳೊಳಗೆ ಇನ್ನೊಂದು ಚಿಕಿತ್ಸೆ ಬೇಕಾಯಿತು, ಎಂಡೋಸ್ಕೋಪ್‌ನವರಲ್ಲಿ 10.3 ಶೇಕಡಾ ಮಂದಿಗೆ. ಇದನ್ನು ಇಮ್ಮಡಿ ಸೋಲು ಎಂದೂ ಓದಬಹುದು, ಐವರಲ್ಲಿ ಸುಮಾರು ನಾಲ್ವರು ಶಸ್ತ್ರಚಿಕಿತ್ಸೆಯ ಕೋಣೆಯನ್ನೇ ನೋಡದೆ ಪಾರಾದರು ಎಂದೂ ಓದಬಹುದು. ಕೆಲಸಕ್ಕೆ ರಜೆ ಸಿಗದ, ಒಂದೇ ಸಲಕ್ಕೆ ಮುಗಿಯಲಿ ಎನ್ನುವ ವ್ಯಕ್ತಿಗೆ ಮೊದಲ ಓದು ಸರಿ. ಅರಿವಳಿಕೆಗೆ ಅಂಜುವ, ಕಾಯಲು ಸಮಯವಿರುವ ವ್ಯಕ್ತಿಗೆ ಎರಡನೆಯದು.

ಕಲ್ಲುಮುಕ್ತ ಎಂದು ವರದಿಗಳು ಹೇಳುವಾಗ ಅದನ್ನು ಹೇಗೆ ಅಳೆದರು ಎಂದು ನೋಡಲೇಬೇಕು. ಎಕ್ಸ್-ರೇ ಮತ್ತು ಅಲ್ಟ್ರಾಸೌಂಡ್ ಸಣ್ಣ ಚೂರುಗಳನ್ನು ಬಿಟ್ಟುಬಿಡುತ್ತವೆ, ಸಿ.ಟಿ. ಹಿಡಿಯುತ್ತದೆ. 4 ಮಿ.ಮೀ. ಒಳಗಿನ ಚೂರುಗಳನ್ನು ಲೆಕ್ಕಕ್ಕಿಲ್ಲದವು ಎಂದು ಬಿಡುವ ರೂಢಿಯೂ ಬಹುಕಾಲ ಇತ್ತು. ಆದ್ದರಿಂದ ಒಂದು ಆಸ್ಪತ್ರೆಯ 95 ಶೇಕಡಾ ಇನ್ನೊಂದರ 75 ಶೇಕಡಾಕ್ಕಿಂತ ಮೇಲು ಎಂದು ಕಣ್ಣುಮುಚ್ಚಿ ಹೇಳಲಾಗದು. ಸಣ್ಣ ಕಲ್ಲನ್ನು ಉಳಿಸುವುದರ ಪರಿಣಾಮವನ್ನು 2022ರ ಪ್ರಯೋಗವೊಂದು ಚೆನ್ನಾಗಿ ತೋರಿಸಿತು: ಮುಖ್ಯ ಕಲ್ಲನ್ನು ತೆಗೆಯುವಾಗ, ತೊಂದರೆ ಕೊಡದಿದ್ದ 6 ಮಿ.ಮೀ.ವರೆಗಿನ ಇತರ ಕಲ್ಲುಗಳನ್ನೂ ತೆಗೆಸಿಕೊಂಡವರಲ್ಲಿ 16 ಶೇಕಡಾ ಮಂದಿಗೆ, ಹಾಗೆಯೇ ಬಿಟ್ಟವರಲ್ಲಿ 63 ಶೇಕಡಾ ಮಂದಿಗೆ ತೊಂದರೆ ಮರುಕಳಿಸಿತು. ಪ್ರಯೋಗ ಚಿಕ್ಕದಾದರೂ ಅಂತರ ದೊಡ್ಡದು. ಒಮ್ಮೆ ಒಳಹೊಕ್ಕ ಮೇಲೆ ತಲುಪಬಹುದಾದ ಸಣ್ಣ ಕಲ್ಲುಗಳನ್ನೂ ತೆಗೆದುಬಿಡಿ ಎಂದು ಮುಂಚಿತವಾಗಿಯೇ ಕೇಳಿಕೊಳ್ಳುವುದು ಒಳ್ಳೆಯದು.

ಇಷ್ಟನ್ನೂ ತೂಗಿ ನೋಡಿದಾಗ ನನ್ನ ತೀರ್ಮಾನ ಹೀಗಿದೆ. 10 ಮಿ.ಮೀ. ಒಳಗಿನ, ಗಡಸಲ್ಲದ, ಮೇಲಿನ ಅಥವಾ ನಡುವಿನ ಕೋಣೆಯ ಕಲ್ಲಿಗೆ ಆಘಾತ ತರಂಗಕ್ಕೆ ಮೊದಲ ಅವಕಾಶ ಕೊಡಬೇಕು, ಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚಾಗಿ, ಏಕೆಂದರೆ ಅವರ ಮೂತ್ರನಾಳ ಚೂರುಗಳನ್ನು ದೊಡ್ಡವರಿಗಿಂತ ಸುಲಭವಾಗಿ ಸಾಗಿಸುತ್ತದೆ. ಎರಡು ಸರದಿಗಳಲ್ಲಿ ಕಲ್ಲು ಅಲುಗದಿದ್ದರೆ ಮೂರನೆಯದಕ್ಕೆ ಹಟ ಹಿಡಿಯದೆ ದಾರಿ ಬದಲಿಸಬೇಕು. 10ರಿಂದ 20 ಮಿ.ಮೀ.ವರೆಗೆ ಆರ್‌ಐಆರ್‌ಎಸ್ ನನ್ನ ಆಯ್ಕೆ. ಆದರೆ 15 ದಾಟಿ, ಕೆಳಕೋಣೆಯಲ್ಲಿ ಕುಳಿತು, ಗಡಸೂ ಆಗಿದ್ದರೆ ಮಿನಿ ಪಿಸಿಎನ್‌ಎಲ್ ಬಗ್ಗೆ ವೈದ್ಯರೊಂದಿಗೆ ಮನಬಿಚ್ಚಿ ಮಾತನಾಡಬೇಕು. ಒಂದೇ ವಿಧಾನ ಲಭ್ಯವಿರುವ ಕಡೆ ಎಲ್ಲ ಕಲ್ಲಿಗೂ ಅದೇ ಮದ್ದಾಗುವ ಅಪಾಯವಿದೆ. ಮೂರನ್ನೂ ಮಾಡುವ ತಂಡದ ಸಲಹೆಗೆ ಹೆಚ್ಚು ಬೆಲೆ.

ಯಾವ ದಾರಿಯಲ್ಲಿ ತೆಗೆದರೂ ಕಲ್ಲಿನ ಚೂರನ್ನು ಪರೀಕ್ಷೆಗೆ ಕಳುಹಿಸುವಂತೆ ಕೇಳಲೇಬೇಕು. ಆಘಾತ ತರಂಗ ಮಾಡಿಸಿಕೊಂಡವರು ಮೂತ್ರವನ್ನು ಜಾಲರಿಯಲ್ಲಿ ಸೋಸಿ ಚೂರುಗಳನ್ನು ಎತ್ತಿಡಬೇಕಾಗುತ್ತದೆ. ಅದು ಯೂರಿಕ್ ಆಮ್ಲದ ಕಲ್ಲೆಂದು ಗೊತ್ತಾದರೆ, ಮೂತ್ರದ ಆಮ್ಲೀಯತೆಯನ್ನು ಪೊಟ್ಯಾಸಿಯಂ ಸಿಟ್ರೇಟ್‌ನಿಂದ ತಗ್ಗಿಸಿ, ಒಳಗೆ ಉಳಿದದ್ದನ್ನು ಯಾವ ಉಪಕರಣವೂ ಇಲ್ಲದೆ ಕರಗಿಸಬಹುದು. ಸಿಸ್ಟೀನ್ ಎಂದಾದರೆ ಮುಂದಿನ ಸಲ ಆಘಾತ ತರಂಗದಲ್ಲಿ ಕಾಲ ಕಳೆಯುವ ಅಗತ್ಯವಿಲ್ಲ ಎಂಬುದು ಈಗಲೇ ತಿಳಿದಿರುತ್ತದೆ.